ಆರಿಸುವ ಅಧಿಕಾರ

ಕಳೆದ ಮಾಘಮಾಸದ ಒಂದು ರಾತ್ರಿ, ಟಿ. ದಾಸರಹಳ್ಳಿಯ ನಮ್ಮ ಮನೆಯಲ್ಲಿ ಊಟ ಮುಗಿದು ಹಾಸಿಗೆ ಹಾಸುವ ಹೊತ್ತಿಗೆ, ಊರಿನಿಂದ ಅಣ್ಣನ ಕರೆ ಬಂದಿತು. ನಾನು ಫೋನನ್ನು ಕಿವಿಗಿಟ್ಟುಕೊಂಡು ಎಷ್ಟು ಸಲ ಕೂಗಿದರೂ ಅತ್ತಲಿಂದ ಉತ್ತರವಿಲ್ಲ. ಒಳಕೋಣೆಯ ಗೋಡೆಯ ಮೊಳೆಗೆ ತೂಗುಹಾಕಿದ್ದ ಚೀಲದೊಳಗೆ ಮಾತ್ರ ಕೀರಲು ದನಿಯೊಂದು, 'ಯಾಕೋ, ಮಾತಾಡೋ' ಎನ್ನುತ್ತಿತ್ತು. ಸಂಜೆ ಮನೆಗೆ ಬಂದೊಡನೆ ಕಳಚಿ ಆ ಚೀಲಕ್ಕೆ ಹಾಕಿದ್ದ, ಮಗಳು ಪ್ರೀತಿಯಿಂದ ಕೊಡಿಸಿದ್ದ ತಂತಿಯಿಲ್ಲದ ಹೆಡ್‌ಫೋನು, ನಾನು ಕೇಳುವುದನ್ನು ಬಿಟ್ಟು ಮೂರು ಗಂಟೆಗಳಾದ ಮೇಲೆಯೂ ಎಚ್ಚರವಾಗಿಯೇ ಇದ್ದು, ಫೋನಿಗೆ ಬಂದ ಮಾತನ್ನು ತನ್ನ ಕಡೆಗೆ ಎಳೆದುಕೊಂಡಿತ್ತು. ಆ ಕೋಣೆಯಲ್ಲಿ ನನ್ನ ಹೆಂಡತಿಯೂ ತಂಗಿಯೂ ಕುಳಿತು ತಂಗಿ ಮಾಡಿದ್ದ ಸಾಲದ ವಿಚಾರವನ್ನು ಮೆಲ್ಲನೆ ಮಾತಾಡಿಕೊಳ್ಳುತ್ತಿದ್ದರು. ಮರುದಿನ ಅಣ್ಣ ಫೋನು ಮಾಡಿ ಮೊದಲು ಕೇಳಿದ ಪ್ರಶ್ನೆ, 'ಬಡ್ಡಿ ಎಷ್ಟಂತೆ?' ಎಂಬುದು.

ಅಣ್ಣನೇನೂ ಪರಕೀಯನಲ್ಲ, ಕೇಳಿದ್ದೂ ಕಾಳಜಿಯಿಂದಲೇ. ಆದರೂ ತಾನಾಗಿ ಹೇಳದ ಮಾತು ತನ್ನನ್ನು ದಾಟಿಹೋಯಿತೆಂದು ತಿಳಿದಾಗ ತಂಗಿಯ ಮುಖದ ಮೇಲೆ ಮೂಡಿದ ಬಾಡಿಕೆಯನ್ನು ನಾನು ಮರೆಯಲಾರೆ. ಆ ದಿನವೇ ಹೆಡ್‌ಫೋನನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಧ್ವನಿಯನ್ನು ಏರಿಸುವುದಕ್ಕೆ, ಇಳಿಸುವುದಕ್ಕೆ, ಹಾಡು ಬದಲಿಸುವುದಕ್ಕೆ ಎಲ್ಲಕ್ಕೂ ಸ್ಥಳವುಂಟು, ಆರಿಸುವುದಕ್ಕೆ ಗುಂಡಿಯಿಲ್ಲ. ಎಂಟನೆಯ ಮೈಲಿಯ ಬಳಿಯ ಮೊಬೈಲು ಅಂಗಡಿಗೆ ಒಯ್ದು ಕೇಳಿದರೆ ಅಂಗಡಿಯಾತ, 'ಇದಕ್ಕೆ ಆಫ್ ಬಟನ್ ಬರಲ್ಲ ಸಾರ್. ಕೇಸಿಗೆ ಹಾಕಿಬಿಡಿ, ತಾನೇ ಮಲಗುತ್ತೆ' ಎಂದನು.

'ಮಲಗುತ್ತೆ' ಎಂಬ ಆ ಮಾತನ್ನು ನಾನು ಬಹಳ ದಿನ ಚಿಂತಿಸಿದ್ದೇನೆ. ಮಲಗಿದ್ದು ನಿಂತದ್ದಲ್ಲ. ಮಲಗಿದವನು ಎದ್ದಾನು, ಯಾವಾಗ ಏಳಬೇಕೆಂಬುದು ಅವನ ಕೈಯಲ್ಲಿದೆಯೇ ಹೊರತು ನೋಡುತ್ತ ಕುಳಿತವನ ಕೈಯಲ್ಲಿಲ್ಲ.

ತಯಾರಕರ ಪಕ್ಷದಲ್ಲಿ ಹೇಳತಕ್ಕ ಮಾತು ಇಲ್ಲದಿಲ್ಲ. ಆಪಲ್ ಕಂಪನಿಯು 2016ರಲ್ಲಿ ಏರ್‌ಪಾಡ್ಸ್ ಎಂಬ ಕಿವಿಯೊಳಗಿನ ಸಾಧನವನ್ನು ಹೊರತಂದಾಗ ಅದರಲ್ಲಿ ವಿದ್ಯುತ್ತಿನ ಗುಂಡಿಯಿರಲಿಲ್ಲ: ಡಬ್ಬಿಯಿಂದ ತೆಗೆದರೆ ಆರಂಭ, ಡಬ್ಬಿಗೆ ಹಾಕಿದರೆ ವಿರಾಮ. ಅಷ್ಟು ಸಣ್ಣ ವಸ್ತುವಿನಲ್ಲಿ ಗುಂಡಿಗೆ ಎಡೆ ಮಾಡುವುದು ಕಷ್ಟ. ಗುಂಡಿಯಿದ್ದ ಕಡೆ ಬೆವರೂ ನೀರೂ ಒಳಹೋಗಲು ಸಂದು. ಅಲ್ಲದೆ, ಆರಿಸಲು ಮರೆತು ಮರುದಿನ ಬ್ಯಾಟರಿ ಖಾಲಿಯಾಯಿತೆಂದು ಪರಿತಪಿಸುವ ನಮ್ಮಂಥವರ ಮರೆವಿಗೆ ಯಂತ್ರವೇ ಔಷಧವಾಗುವುದು ಸಣ್ಣ ಉಪಕಾರವಲ್ಲ. ಆದರೆ ಅದೇ ಕಂಪನಿ 2020ರ ಡಿಸೆಂಬರಿನಲ್ಲಿ ತಂದ, ತಲೆಯ ಮೇಲೆ ಧರಿಸುವ ದೊಡ್ಡ ಹೆಡ್‌ಫೋನಿನಲ್ಲಿ ಸ್ಥಳಕ್ಕೇನೂ ಕೊರತೆಯಿರಲಿಲ್ಲ. ಅಲ್ಲಿಯೂ ಆ ಗುಂಡಿ ಬರಲಿಲ್ಲ. ಅದರ ನಿಯಮವನ್ನು ಕಂಪನಿಯೇ ಪ್ರಕಟಿಸಿತು: ಕವಚದ ಹೊರಗೆ 5 ನಿಮಿಷ ಅಲುಗದೆ ಇದ್ದರೆ ಅದು ಅಲ್ಪಶಕ್ತಿಯ ಸ್ಥಿತಿಗೆ ಇಳಿಯುತ್ತದೆ, 72 ಗಂಟೆ ಅಲುಗದಿದ್ದರೆ ಬ್ಲೂಟೂತು ನಿಲ್ಲುತ್ತದೆ, ಕವಚದೊಳಗಿದ್ದರೆ 18 ಗಂಟೆಗಳ ಬಳಿಕ ಇನ್ನೂ ಗಾಢವಾದ ನಿದ್ರೆ. ನಾನು ಹೇಳುತ್ತಿರುವ ನನ್ನ ಹೆಡ್‌ಫೋನು ಬೇರೊಂದು ಕಂಪನಿಯದು, ಬೆಲೆಯೂ ಕಡಮೆ. ಆದರೆ ಎತ್ತರದಲ್ಲಿ ಹುಟ್ಟಿದ ಪದ್ಧತಿ ತಗ್ಗಿಗೆ ಹರಿದುಬರುವುದು ಲೋಕರೂಢಿ. ಸ್ಥಳಾಭಾವವೆಂಬ ಕಾರಣವು ದೊಡ್ಡ ಹೆಡ್‌ಫೋನಿಗೆ ಹೊಂದದಿದ್ದ ಮೇಲೆ ಉಳಿಯುವ ಪ್ರಶ್ನೆ ಒಂದೇ: ವಸ್ತು ನನ್ನದಾದರೆ, ಅದು ಯಾವಾಗ ನಿಲ್ಲಬೇಕೆಂಬ ತೀರ್ಮಾನ ಯಾರದು?

ಮೊದಲು ಬ್ಯಾಟರಿಯನ್ನು ತೆಗೆದುಕೊಳ್ಳೋಣ. ಕಿವಿಯೊಳಗಿಡುವ ಸಾಧನದಲ್ಲಿರುವ ಲಿಥಿಯಂ ಕೋಶದ ಸಾಮರ್ಥ್ಯ ಸಾಮಾನ್ಯವಾಗಿ 30ರಿಂದ 60 ಮಿಲಿಆಂಪಿಯರ್-ಅವರ್. ಈಗಿನ ಫೋನುಗಳಲ್ಲಿ ಅದು 5000ದ ಆಸುಪಾಸು. ಗಡಿಗೆಯ ನೀರಿಗೂ ಉದ್ಧರಣೆಯ ನೀರಿಗೂ ಇರುವ ಅಂತರವಿದು. ಗಡಿಗೆಯಲ್ಲಿ ಕಾಣದ ಸೋರಿಕೆ ಉದ್ಧರಣೆಯಲ್ಲಿ ಕಾಣುತ್ತದೆ. ಸಂಪರ್ಕದಲ್ಲಿರುವ ಬ್ಲೂಟೂತು ಸಾಧನವು ಸುಮ್ಮನಿದ್ದಂತೆ ತೋರುವಾಗಲೂ 2.4 ಗಿಗಾಹರ್ಟ್ಸ್ ತರಂಗದಲ್ಲಿ ತನ್ನ ಜೊತೆಯ ಫೋನಿಗೆ 'ಇದ್ದೇನೆ' ಎಂದು ಮತ್ತೆ ಮತ್ತೆ ಹೇಳುತ್ತಿರಬೇಕು. ಲಿಥಿಯಂ ಕೋಶವೋ, ಪ್ರತಿಯೊಂದು ಭರ್ತಿ-ಬರಿದಿನ ಸುತ್ತಿನಲ್ಲಿಯೂ ತನ್ನ ಆಯುಷ್ಯದ ಒಂದಂಶವನ್ನು ತೆರುತ್ತದೆ. ತೀರ ಬರಿದಾಗಿ ಬಹುಕಾಲ ಬಿದ್ದಿದ್ದರೆ ಮತ್ತೆ ಚಾರ್ಜನ್ನೇ ಸ್ವೀಕರಿಸದು. ಇಂಥ ಸಾಧನಗಳ ಕೋಶವು ಬಹುಮಟ್ಟಿಗೆ ಅಂಟು ಹಾಕಿ ಮುಚ್ಚಿದ್ದು. ಸತ್ತರೆ ಬದಲಿಸಲಾಗುವುದಿಲ್ಲ, ಸಾಧನವನ್ನೇ ಎಸೆಯಬೇಕು. ಹಾಗಾದರೆ, ನಾನು ಕೇಳದ ಗಂಟೆಗಳಲ್ಲಿ ಕರಗಿಹೋಗುವುದು ಕೇವಲ ವಿದ್ಯುತ್ತಲ್ಲ, ನಾನು ಹಣ ಕೊಟ್ಟು ತಂದ ವಸ್ತುವಿನ ಆಯುಷ್ಯ.

ಎರಡನೆಯದು, ಮನೆಯ ಮಾತು ಮನೆಯಲ್ಲಿ ಉಳಿಯುವ ವಿಚಾರ. ಇಲ್ಲಿ ಭಯವನ್ನು ಬೆಳೆಸುವುದು ನನ್ನ ಉದ್ದೇಶವಲ್ಲ. ಹೆಡ್‌ಫೋನಿನ ಮೈಕು ಸದಾ ಯಾರಿಗೋ ವರದಿ ಕಳುಹಿಸುತ್ತಿದೆಯೆಂದು ಹೇಳಿದರೆ ಅಸತ್ಯವಾದೀತು. ಆದರೆ 2025ರ ಜೂನಿನಲ್ಲಿ ಜರ್ಮನಿಯ ಭದ್ರತಾ ಸಂಶೋಧಕರು, ಹಲವು ಪ್ರಸಿದ್ಧ ಕಂಪನಿಗಳ ಹೆಡ್‌ಫೋನುಗಳಲ್ಲಿ ಬಳಕೆಯಾಗುವ ಏರೋಹಾ ಚಿಪ್ಪುಗಳಲ್ಲಿನ ದೋಷವನ್ನು ಬಯಲಿಗಿಟ್ಟು, ಬ್ಲೂಟೂತಿನ ಅಳವಿನೊಳಗೆ ನಿಂತ ನುರಿತವನೊಬ್ಬನು ಗುರುತುಪರಿಚಯದ ವಿಧಿಯಿಲ್ಲದೆಯೇ ಅಂಥ ಸಾಧನವನ್ನು ಹೊಕ್ಕು ಮಾತನ್ನು ಆಲಿಸುವುದು ಸಾಧ್ಯವೆಂದು ತೋರಿಸಿದರು. ಅದು ಸುಲಭದ ಕೆಲಸವಲ್ಲ. ನನ್ನಂಥ ಸಾಮಾನ್ಯನ ಮೇಲೆ ಅಷ್ಟು ಶ್ರಮ ಯಾರೂ ವ್ಯಯಿಸಲಾರರು. ಆದರೆ ನನ್ನ ತಂಗಿಯ ಮಾತು ಹೊರಗೆ ಹೋದದ್ದು ನುರಿತವನ ಕೈಚಳಕದಿಂದಲ್ಲ, ಸಾಧನವು ವಿಧಿಬದ್ಧವಾಗಿ ತನ್ನ ಕೆಲಸ ಮಾಡಿದ್ದರಿಂದ. ಆರಿದ ಯಂತ್ರದಲ್ಲಿ ಕಳ್ಳನಿಗೂ ದಾರಿಯಿಲ್ಲ, ಆಕಸ್ಮಿಕಕ್ಕೂ ದಾರಿಯಿಲ್ಲ. ಮಲಗಿದ ಯಂತ್ರದಲ್ಲಿ ಎರಡಕ್ಕೂ ಉಂಟು.

ನಮ್ಮೊಡನೆಯೇ ಇರುವ ತಂಗಿಯ ಮಗ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥಿನ ಕೆಲಸ ಮಾಡುತ್ತಾನೆ. 2015ರ ಮೇ 1ರಂದು ದಾಸರಹಳ್ಳಿಗೆ ಮೆಟ್ರೋ ಬಂದ ಮೇಲೆ, ಜಾಲಹಳ್ಳಿಯನ್ನು ದಾಟಿದರೆ ಎರಡನೆಯ ನಿಲ್ದಾಣವೇ ಪೀಣ್ಯ ಇಂಡಸ್ಟ್ರಿ. ನನ್ನ ಗೋಳನ್ನು ಕೇಳಿ ಅವನು, 'ಮಾವ, ನಮ್ಮ ಮಿಷನ್ನಿಗೆ ಸ್ಟಾಪ್ ಬಟನ್ ಇಲ್ಲ ಅಂದ್ರೆ ಅದರ ಮುಂದೆ ಒಂದು ದಿನ ನಿಲ್ಲಲ್ಲ ನಾನು' ಎಂದನು. ಆ ಬಟನನ್ನು ನಾನು ಕಂಡಿದ್ದೇನೆ: ಅಣಬೆಯಂತೆ ಉಬ್ಬಿದ ಕೆಂಪು ತಲೆ, ಹಿಂದೆ ಹಳದಿಯ ಫಲಕ, ಎಣ್ಣೆಗೈಯ ಅಂಗೈಯಿಂದ ಬಡಿದರೂ ಕೂಡಲೆ ಕೂರುತ್ತದೆ, ತಿರುಗಿಸಿ ಬಿಡಿಸುವವರೆಗೂ ಮೇಲೇಳುವುದಿಲ್ಲ. 1948ರ ಕಾರ್ಖಾನೆಗಳ ಕಾಯಿದೆಯ 24ನೆಯ ಪ್ರಕರಣವು, ಪ್ರತಿಯೊಂದು ಕೆಲಸದ ಕೊಠಡಿಯಲ್ಲಿಯೂ ಆಪತ್ತಿನಲ್ಲಿ ಯಂತ್ರದ ಶಕ್ತಿಯನ್ನು ಕಡಿದುಹಾಕುವ ಸಾಧನವಿರಬೇಕೆಂದು ವಿಧಿಸಿತು. 1976ರ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆರಿದ ಸ್ಥಿತಿಯಿಂದ ಅರಿಯದೆ ಚಾಲನೆಗೆ ಜಾರಬಲ್ಲ ಸ್ವಿಚ್ಚಿಗೆ ಬೀಗದ ವ್ಯವಸ್ಥೆಯಿರಬೇಕೆಂದಿತು. ಲೇಥು ಕೈಯನ್ನು ತಿಂದೀತು, ಹೆಡ್‌ಫೋನು ತಿನ್ನದು. ಅಪಾಯದ ಪ್ರಮಾಣ ಒಂದೇ ಎಂದು ನಾನು ವಾದಿಸುವುದಿಲ್ಲ. ಆದರೆ ಯಂತ್ರದ ಬಳಿ ನಿಂತವನ ಕೈಗೆ ಅದನ್ನು ನಿಲ್ಲಿಸುವ ಶಕ್ತಿಯಿರಬೇಕು, ನಿಂತದ್ದು ತಾನಾಗಿ ಏಳಬಾರದು ಎಂಬ ತತ್ತ್ವವು ಕಬ್ಬಿಣಕ್ಕೆ ಮಾತ್ರ ಸಂಬಂಧಿಸಿದ್ದೆಂದು ನನಗೆ ತೋರುವುದಿಲ್ಲ.

1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಬಾನುಲಿ ನಿಲಯವನ್ನು ಆರಂಭಿಸಿದಂದಿನಿಂದ ನಮ್ಮ ನಾಡಿನ ಕಿವಿ ಯಂತ್ರದ ಧ್ವನಿಗೆ ಒಗ್ಗಿಕೊಂಡಿದೆ. ನಮ್ಮ ತಂದೆಯವರ ರೇಡಿಯೋದಲ್ಲಿ ಧ್ವನಿಯ ತಿರುಪನ್ನು ಎಡಕ್ಕೆ ಪೂರ್ತಿ ತಿರುಗಿಸಿದರೆ ಕೊನೆಯಲ್ಲಿ 'ಟಕ್' ಎಂಬ ಸದ್ದಾಗಿ, ಗಾಜಿನ ಹಿಂದಿನ ಹಳದಿ ಬೆಳಕು ನಂದುತ್ತಿತ್ತು. ಆ ಸದ್ದಿನ ಬಳಿಕ ಮನೆಯಲ್ಲಿ ಮಾತಿನ ರೀತಿಯೇ ಬದಲಾಗುತ್ತಿದ್ದುದು ನನಗೆ ನೆನಪಿದೆ. ನಮ್ಮ ಅಜ್ಜಿಯರು ದೇವರ ದೀಪದ ವಿಷಯದಲ್ಲಿ 'ಆರಿಸು' ಎಂಬ ಪದವನ್ನೇ ಬಾಯಿಗೆ ತಾರದೆ 'ದೊಡ್ಡದು ಮಾಡು' ಎನ್ನುತ್ತಿದ್ದರು. ಆರಿಸುವುದು ಅಷ್ಟು ಗಂಭೀರವಾದ ಕ್ರಿಯೆಯಾಗಿತ್ತು. ಹಲವು ಕಾಳುಗಳಲ್ಲಿ ಬೇಕಾದುದನ್ನು ಹೆಕ್ಕಿಕೊಳ್ಳುವುದಕ್ಕೂ ಕನ್ನಡದಲ್ಲಿ 'ಆರಿಸು' ಎಂದೇ ಹೆಸರು. ನಿಘಂಟುಕಾರರು ಇವನ್ನು ಬೇರೆ ಬೇರೆ ಪದಗಳೆಂದು ವಿಂಗಡಿಸಿಯಾರು. ಆದರೂ ಆಡುವ ಬಾಯಿಯಲ್ಲಿ ನಂದಿಸುವುದೂ ಆಯ್ದುಕೊಳ್ಳುವುದೂ ಒಂದೇ ಶಬ್ದವಾಗಿ ನಿಂತಿರುವುದರಲ್ಲಿ ನನಗೊಂದು ಅರ್ಥ ಕಾಣುತ್ತದೆ. ಆರಿಸಲಾಗದ ವಸ್ತುವಿನ ಮುಂದೆ ನನಗೆ ಆಯ್ಕೆಯೂ ಇಲ್ಲ.

ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಏಕಕಂಠದಿಂದ ಸಾರಿದ ತೀರ್ಪಿಗೆ ಅರ್ಜಿದಾರರಾಗಿದ್ದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆ ಮೊಕದ್ದಮೆ ಹುಟ್ಟಿದ್ದು ಆಧಾರ್ ವಿಷಯದಲ್ಲಿ, ಸರ್ಕಾರದ ಎದುರಿನಲ್ಲಿ. ಅಂಗಡಿಯಿಂದ ತಂದ ವಸ್ತುವಿನ ವಿಷಯದಲ್ಲಲ್ಲ. ಆದರೆ ಅದರ ಹಿಂದೆಯೇ ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ 6ನೆಯ ಪ್ರಕರಣದಲ್ಲಿ ಒಂದು ಸೊಗಸಾದ ನಿಯಮವಿದೆ: ಸಮ್ಮತಿಯನ್ನು ಎಷ್ಟು ಸುಲಭವಾಗಿ ಕೊಡಬಹುದೋ, ಹೆಚ್ಚುಕಡಮೆ ಅಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳಲೂ ಆಗಬೇಕು. ದತ್ತಾಂಶಕ್ಕೆ ಹೇಳಿದ ಈ ಅಳತೆಯನ್ನೇ ಸಾಧನಕ್ಕೂ ಹಿಡಿಯಬೇಕೆಂಬುದು ನನ್ನ ವಾದ. ಕೈಗೆತ್ತಿಕೊಂಡ ಮಾತ್ರಕ್ಕೆ ಆರಂಭವಾಗುವ ಯಂತ್ರವು ಬೆರಳಿನ ಒಂದೇ ಚಲನೆಗೆ ನಿಲ್ಲಬೇಕು. ನಿಂತಿತೆಂಬುದು ಕಣ್ಣಿಗೋ ಬೆರಳಿಗೋ ತಿಳಿಯಬೇಕು. ಮರೆಯುವವರಿಗಾಗಿ ತಾನಾಗಿ ಮಲಗುವ ವ್ಯವಸ್ಥೆ ಇರಲಿ, ಅದನ್ನು ತೆಗೆಯಿರೆಂದು ಯಾರೂ ಕೇಳುತ್ತಿಲ್ಲ. ಅದರ ಪಕ್ಕದಲ್ಲಿ ಒಂದು ಜಾರುಗುಂಡಿಗೆ ಎಡೆಯಿರಲಿ. ಕಳೆದುಹೋದರೆ ಹುಡುಕುವುದು ಹೇಗೆಂಬ ಆಕ್ಷೇಪಕ್ಕೂ ಇದೇ ಉತ್ತರ: ಹುಡುಕಿಸಿಕೊಳ್ಳುವುದಕ್ಕಾಗಿ ಎಚ್ಚರವಾಗಿರಬೇಕೋ ಬೇಡವೋ ಎಂಬುದನ್ನು ಒಡೆಯನು ಹೇಳಲಿ.

ಈಗ ನಾನು ರಾತ್ರಿ ಮಲಗುವ ಮುನ್ನ ಫೋನಿನ ಬ್ಲೂಟೂತನ್ನು ತಪ್ಪದೆ ನಿಲ್ಲಿಸುತ್ತೇನೆ. ಮನೆಯಲ್ಲಿ ಎಲ್ಲರಿಗೂ ಅದನ್ನು ತೋರಿಸಿಯೂ ಕೊಟ್ಟಿದ್ದೇನೆ. ಆದರೂ ತಂಗಿ, ಏನಾದರೂ ಮನಸ್ಸಿನ ಮಾತು ಆಡುವುದಿದ್ದರೆ, ಬಾಯಿ ತೆರೆಯುವ ಮೊದಲು ಗೋಡೆಯ ಮೊಳೆಯ ಕಡೆ ಒಮ್ಮೆ ನೋಡುತ್ತಾಳೆ.