ಕೊಬ್ಬೊಂದೇ ಅಪರಾಧಿಯಲ್ಲ

ಮಧುಮೇಹವುಳ್ಳ ಹಿರಿಯರಿಗೆ ಒಮ್ಮೆ ಹೃದಯಾಘಾತವಾಯಿತೆಂದರೆ ಮನೆಮಂದಿಯ ದೃಷ್ಟಿಯೆಲ್ಲ ಕೊಲೆಸ್ಟರಾಲಿನ ಮೇಲೆಯೇ. ತುಪ್ಪದ ಗಿಂಡಿ ಅಟ್ಟವನ್ನೇರುತ್ತದೆ. ಅದು ತಪ್ಪೇನೂ ಅಲ್ಲ. ಆದರೆ ರಕ್ತನಾಳದ ಗೋಡೆಯೊಳಗೆ ಸೇರಿದ ಕೊಬ್ಬು ಸುಮ್ಮನಿರುವುದಿಲ್ಲ. ಬಿಳಿಯ ರಕ್ತಕಣಗಳು ಅದರ ಸುತ್ತ ನೆರೆದು ಉರಿಯೂತವೇಳುತ್ತದೆ. ಮೇಲಿನ ಪೊರೆ ಸಡಿಲಗೊಂಡು ಬಿರಿಯುತ್ತದೆ. ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುವುದು ಆಗಲೇ.

ಈ ಒಳಗುದಿಯನ್ನು ಸೂಚಿಸುವುದು ಯಕೃತ್ತಿನಲ್ಲಿ ಹುಟ್ಟುವ ಸಿ-ರಿಯಾಕ್ಟಿವ್ ಪ್ರೋಟೀನು. 1930ರಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಅದರ ಸುಳಿವನ್ನು ಕಂಡದ್ದು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ; ಹೃದಯದ ಮಾತೇ ಆಗ ಇರಲಿಲ್ಲ! ಲೀಟರಿಗೆ 1 ಮಿಲಿಗ್ರಾಮಿನೊಳಗಿದ್ದರೆ ಅಪಾಯ ಕಡಿಮೆ, 3ನ್ನು ಮೀರಿದರೆ ಹೆಚ್ಚು. ಹೊಟ್ಟೆ ಬೆಳೆದ ಮಧುಮೇಹಿಗಳಲ್ಲಿ ಏರಿರುವುದೇ ಸಾಮಾನ್ಯ.

2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಪ್ರಯೋಗಕ್ಕೆ ಒಳಪಟ್ಟವರು ಹಿಂದೆ ಹೃದಯಾಘಾತವಾಗಿದ್ದ 10,061 ಮಂದಿ. ಕೊಲೆಸ್ಟರಾಲನ್ನು ಇಳಿಸದೆ ಉರಿಯೂತವನ್ನಷ್ಟೇ ತಗ್ಗಿಸುವ ಕೆನಕಿನುಮ್ಯಾಬ್ ಔಷಧವನ್ನು 150 ಮಿಲಿಗ್ರಾಮಿನಂತೆ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾರೆ ಶೇಕಡಾ 15ರಷ್ಟು ತಗ್ಗಿದವು. ಆದರೆ ಮಾರಕ ಸೋಂಕುಗಳು ಹೆಚ್ಚಿದವು. ಬೆಂಕಿಯಾರಿಸ ಹೋಗಿ ಕಾವಲುಗಾರನನ್ನೇ ಮಲಗಿಸಿದಂತಾಯಿತು. ಹಳೆಯ ಸ್ಟ್ಯಾಟಿನ್ ಗುಳಿಗೆಯಾದರೋ ಕೊಲೆಸ್ಟರಾಲನ್ನೂ ಈ ಪ್ರೋಟೀನನ್ನೂ ಇಳಿಸುತ್ತದೆ. 'ಕೊಲೆಸ್ಟರಾಲ್ ಸರಿಹೋಯಿತು' ಎಂದು ವೈದ್ಯರನ್ನು ಕೇಳದೆ ಅದನ್ನು ಬಿಡುವ ಹಿರಿಯರು ಇದನ್ನು ಗಮನಿಸಬೇಕು.

ಹಲ್ಲಿನ ಕೀವು ಅಥವಾ ಜ್ವರವಿದ್ದಾಗ ಈ ಅಂಕೆ 10ನ್ನೂ ದಾಟಬಹುದು. ಗಾಬರಿ ಬೇಡ, ಅದು ವಾಸಿಯಾದ ಎರಡು ಮೂರು ವಾರಗಳ ಮೇಲೆ ರಕ್ತವನ್ನು ಮತ್ತೊಮ್ಮೆ ಪರೀಕ್ಷಿಸುವುದು ವಾಡಿಕೆ.