ಟೆಕ್ಸಾಸ್ ಪ್ರತಿನಿಧಿ ಸಭೆಯ ನಮ್ಮ ಸದಸ್ಯರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

2025ರ ಅಧಿವೇಶನ ಮುಗಿದ ತರುವಾಯ ತಾವು ಕ್ಷೇತ್ರದ ಮತದಾರರಿಗೆಲ್ಲ ಕಳುಹಿಸಿದ ವರದಿಯನ್ನು, ಡಾಲಸ್ ನಗರದ ಉತ್ತರಕ್ಕಿರುವ ಈ ಊರಿನಲ್ಲಿ ಹದಿನೇಳು ವರ್ಷಗಳಿಂದ ನೆಲೆಸಿರುವ ಕನ್ನಡಿಗನಾದ ನಾನು ಎರಡು ಬಾರಿ ಓದಿದೆನು. ಶಾಲೆಗಳಿಗೆ ಸುಮಾರು 850 ಕೋಟಿ ಡಾಲರುಗಳನ್ನು ಹೊಸದಾಗಿ ಒದಗಿಸಿ, ಅದರಲ್ಲಿ ದೊಡ್ಡ ಪಾಲನ್ನು ಅಧ್ಯಾಪಕರ ವೇತನಕ್ಕೆ ಮೀಸಲಿಟ್ಟದ್ದು ಸಣ್ಣ ಕಾರ್ಯವಲ್ಲ, ಅದಕ್ಕಾಗಿ ಕೃತಜ್ಞನಾಗಿದ್ದೇನೆ. ಆದರೂ 2019ರಿಂದ 6,160 ಡಾಲರಿನಲ್ಲಿಯೇ ನಿಂತಿದ್ದ, ವಿದ್ಯಾರ್ಥಿಯೊಬ್ಬನ ಲೆಕ್ಕದ ಮೂಲ ಅನುದಾನವು ಆರು ವರ್ಷಗಳ ಬೆಲೆಯೇರಿಕೆಯ ಬಳಿಕ ಏರಿದ್ದು ಕೇವಲ 55 ಡಾಲರು. ಖಾಸಗಿ ಶಾಲೆಗಳ ಶುಲ್ಕಕ್ಕೆ ನೆರವಾಗುವ ಯೋಜನೆಗೆ ಅದೇ ಅಧಿವೇಶನದಲ್ಲಿ 100 ಕೋಟಿ ಡಾಲರು ದೊರೆಯಿತು.

ಇದಕ್ಕಿಂತ ಮಿಗಿಲಾಗಿ, ವರದಿಯಲ್ಲಿ ಎಲ್ಲಿಯೂ ಕಾಣದ ಮಾತೊಂದಿದೆ. ಈ ಪತ್ರ ಅದರ ಸಲುವಾಗಿ.

ಒಂದನೆಯ ತರಗತಿಯಲ್ಲಿದ್ದ ನನ್ನ ಮಗಳಿಗೆ, ಸಾಗರದಲ್ಲಿರುವ ಅವಳ ಅಜ್ಜಿ ಬೆಳ್ಳಿಯ ಕಾಲ್ಗೆಜ್ಜೆ ಮಾಡಿಸಿ ಕೊಟ್ಟಿದ್ದರು. ಸ್ನಾನಕ್ಕೂ ತೆಗೆಯಗೊಡದಿದ್ದ ಅವನ್ನು ಮಗು ಒಂದು ಬೆಳಿಗ್ಗೆ ತಾನಾಗಿಯೇ ಬಿಚ್ಚಿ ಕನ್ನಡಿಯ ಮುಂದಿಟ್ಟಿತು. ಕಾರಣ ಕೇಳಲು, ಶಾಲೆಯಲ್ಲಿ ದೀಪವಾರಿಸಿ, ಬಾಗಿಲು ಭದ್ರಪಡಿಸಿ, ಕಿಟಕಿಗೆ ಕಾಣದ ಗೋಡೆಯ ಮಗ್ಗುಲಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಕುಳಿತು, ಬಂದೂಕುಧಾರಿ ನುಗ್ಗಿದರೆ ಅಡಗುವ ಅಭ್ಯಾಸ ಮಾಡುವಾಗ ತನ್ನ ಕಾಲು ಅಲುಗಿದರೆ ‘ಕೆಟ್ಟವನಿಗೆ ಕೇಳಿಸುತ್ತೆ’ ಎಂದಿತು. ನಾನು ಓದಿದ ಮಲೆನಾಡಿನ ಶಾಲೆಯಲ್ಲಿ ಅಂತಹ ಮೌನವಿದ್ದದ್ದು ಬೆಳಗಿನ ಪ್ರಾರ್ಥನೆಗೆ ಮುಂಚೆ ಮಾತ್ರ.

2022ರ ಮೇ 24ರಂದು ನಮ್ಮ ರಾಜ್ಯದ ಯುವಾಲ್ಡಿ ಪಟ್ಟಣದ ರಾಬ್ ಪ್ರಾಥಮಿಕ ಶಾಲೆಯಲ್ಲಿ 19 ಮಕ್ಕಳನ್ನೂ ಇಬ್ಬರು ಅಧ್ಯಾಪಿಕೆಯರನ್ನೂ ಕೊಂದವನು, ತನಗೆ 18 ತುಂಬಿದ ಕೆಲವೇ ದಿನಗಳೊಳಗೆ ಎರಡು ರೈಫಲ್ಲುಗಳನ್ನು ಶಾಸನಬದ್ಧವಾಗಿಯೇ ಕೊಂಡನೆಂಬುದನ್ನು ತಾವು ಬಲ್ಲಿರಿ. ಆಗ ಪರವಾನಗಿಯುಳ್ಳ ವ್ಯಾಪಾರಿಯು 21 ತುಂಬದವನಿಗೆ ಪಿಸ್ತೂಲು ಮಾರುವಂತಿರಲಿಲ್ಲ. ರೈಫಲ್ಲಿಗೆ ಮಾತ್ರ 18 ಸಾಕಾಗಿತ್ತು. ಕೆಲವು ಬಗೆಯ ಅರೆಸ್ವಯಂಚಾಲಿತ ರೈಫಲ್ಲುಗಳಿಗೂ 21ರ ಮಿತಿಯನ್ನು ವಿಧಿಸಬೇಕೆಂಬ 2744ನೆಯ ಮಸೂದೆಯು, ನಮ್ಮ ಕನ್ನಡ ಕುಟುಂಬಗಳೂ ವಾರಾಂತ್ಯದಲ್ಲಿ ಹೋಗುವ ಅಲೆನ್ ಪಟ್ಟಣದ ಮಾಲಿನಲ್ಲಿ ಎಂಟು ಮಂದಿ ಹತರಾದ ಎರಡು ದಿನಗಳಿಗೆ, 2023ರ ಮೇ 8ರಂದು, ಯುವಾಲ್ಡಿಯ ತಾಯಿತಂದೆಗಳ ಕಣ್ಣೆದುರಿನಲ್ಲಿ, ಸದನದ ಸಮಿತಿಯಲ್ಲಿ 8–5 ಮತಗಳಿಂದ ಗೆದ್ದಿತು. ಬಳಿಕ ಕಾರ್ಯಪಟ್ಟಿಗೆ ಸೇರುವ ಗಡುವು ಮೀರಿ, ಸದನದ ಮತವನ್ನೇ ಕಾಣದೆ ಅಳಿಯಿತು.

ಅದೇ ವರ್ಷ ಶಾಲೆಗೊಬ್ಬ ಸಶಸ್ತ್ರ ಕಾವಲುಗಾರನಿರಬೇಕೆಂದು ಶಾಸನ ಮಾಡಿ, ಶಾಲೆಗೆ 15,000 ಡಾಲರು, ವಿದ್ಯಾರ್ಥಿಗೆ 10 ಡಾಲರು ಗೊತ್ತುಮಾಡಿದಿರಿ. ಕಾವಲುಗಾರನ ವರ್ಷದ ಸಂಬಳ ಅದರಲ್ಲಿ ಹುಟ್ಟುತ್ತಿರಲಿಲ್ಲವೆಂಬ ಮಾತಂತಿರಲಿ, ಯುವಾಲ್ಡಿಗೆ ಒಟ್ಟು 376 ಮಂದಿ ಅಧಿಕಾರಿಗಳು ಧಾವಿಸಿ ಬಂದರೂ ಕೊಲೆಗಾರನನ್ನು ಹೊಡೆದುರುಳಿಸಲು ಸುಮಾರು 77 ನಿಮಿಷಗಳು ಹಿಡಿದವೆಂಬುದನ್ನು ಮರೆಯುವುದೆಂತು?

2027ರ ಜನವರಿಯಲ್ಲಿ ಸದನವು ಮತ್ತೆ ಸೇರಿದಾಗ, 21ರ ಮಿತಿಯ ಆ ಮಸೂದೆಯನ್ನು ತಾವೇ ಮಂಡಿಸಬೇಕೆಂದು, ಅದಾಗದಿದ್ದರೆ ಅದು ಕಾರ್ಯಪಟ್ಟಿಯಲ್ಲಿ ಬರಲೇಬೇಕೆಂದು ಕೇಳುವವರಲ್ಲಿ ಒಬ್ಬರಾಗಬೇಕೆಂದು ಬೇಡುತ್ತೇನೆ. ತಮ್ಮ ಮತ ಯಾವ ಕಡೆಗೆಂಬುದನ್ನು ಮುಂದಿನ ವರದಿಯಲ್ಲಿ ಒಂದು ಸಾಲಿನಲ್ಲಿ ಬರೆದರೂ ಸಾಕು.

ಇಂತು,
ತಮ್ಮ ಕ್ಷೇತ್ರದ ಮತದಾರ