ಬಿದ್ದವರ ಹಿಂದೆ ಜಿಗಿದರೆ ಸಾಲದು

ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ಬೋಟು ನಡೆಸುವವರಿಗೆ ಯಾರೂ ಈಜು ಕಲಿಸಬೇಕಾಗಿಲ್ಲ. ಪ್ರಯಾಣಿಕನೊಬ್ಬ ಆಯ ತಪ್ಪಿ ನೀರಿಗೆ ಬಿದ್ದರೆ ಅವರಲ್ಲಿ ಹೆಚ್ಚಿನವರು ಹಿಂದೆಮುಂದೆ ನೋಡದೆ ಜಿಗಿಯುತ್ತಾರೆ. ಆ ಧೈರ್ಯಕ್ಕೆ ಕೈಮುಗಿಯಲೇಬೇಕು. ಆದರೆ ನಡೆಸುವವನೇ ಜಿಗಿದ ಗಳಿಗೆಯಿಂದ ಬೋಟಿಗೆ ಚಾಲಕನಿಲ್ಲ. ಎಂಜಿನ್ ಓಡುತ್ತಲೇ ಇದೆ, ಮೇಲಿದ್ದವರೆಲ್ಲ ನೋಡಲು ಒಂದೇ ಬದಿಗೆ ನುಗ್ಗುತ್ತಾರೆ. ಒಬ್ಬನಿಗೆ ಬಂದ ಆಪತ್ತು ಬೋಟಿನಲ್ಲಿದ್ದವರೆಲ್ಲರ ಆಪತ್ತಾಗಲು ಇಷ್ಟು ಸಾಕು.

ಆಲಮಟ್ಟಿ ಜಲಾಶಯದಲ್ಲಿ 519.60 ಮೀಟರ್‌ವರೆಗೆ ನೀರು ನಿಂತಾಗ ಬೀಳಗಿ ತಾಲ್ಲೂಕಿನ ದಂಡೆಯಲ್ಲಿ ಕೃಷ್ಣೆ ಹೊಳೆಯಾಗಿ ಉಳಿಯುವುದಿಲ್ಲ, ದೊಡ್ಡ ಕೆರೆಯಾಗುತ್ತದೆ. ಅಲ್ಲಿ ಸೆಳವಿಗಿಂತ ಗಾಳಿಯ ಕಾಟ ಹೆಚ್ಚು. ಮೇಲ್ಭಾಗದಲ್ಲಿ ಹಿಪ್ಪರಗಿ ಬ್ಯಾರೇಜು, ಚಿಕ್ಕಪಡಸಲಗಿಯಲ್ಲಿ ರೈತರೇ 1989ರಲ್ಲಿ ಕಟ್ಟಿಕೊಂಡ ಬ್ಯಾರೇಜು ನೀರನ್ನು ತಡೆದು ನಿಲ್ಲಿಸಿವೆ. ರಬಕವಿ ಮತ್ತು ಅಥಣಿ ತಾಲ್ಲೂಕಿನ ಮಹಿಷವಾಡಗಿ ನಡುವಿನ ಸೇತುವೆಗಾಗಿ ಜನ ವರ್ಷಗಟ್ಟಲೆ ಕಾದರು. ಅಷ್ಟೂ ಕಾಲ ಬೋಟೇ ಅವರ ರಸ್ತೆ. ಜಮಖಂಡಿಯ ಕಂಕಣವಾಡಿ ರೈತರಿಗೆ ನಡುಗಡ್ಡೆಯ ಹೊಲಕ್ಕೆ ಹೋಗಲು ಇಂದಿಗೂ ನೀರು ದಾಟದೆ ಗತಿಯಿಲ್ಲ. ಮುಧೋಳದ ಕಥೆ ಬೇರೆ. ಅಲ್ಲಿ ಘಟಪ್ರಭೆ ಉಕ್ಕಿದಾಗ ಮಾತ್ರ ಬೋಟು ಬರುತ್ತದೆ. 2019ರ ಆಗಸ್ಟ್‌ನಲ್ಲಿ ಬಂದಂತೆ, ಹೊರಗಿನ ಸಿಬ್ಬಂದಿಯ ಜೊತೆ.

ಇಂಥ ನೀರಿನಲ್ಲಿ ಅವಘಡ ಆದಾಗಲೆಲ್ಲ ನಾವು ಕೇಳುವ ಪ್ರಶ್ನೆ ಒಂದೇ: ಲೈಫ್ ಜಾಕೆಟ್ ಇತ್ತೋ ಇಲ್ಲವೋ? 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತಾಗಲೂ ಇದೇ ಚರ್ಚೆ. 2024ರ ಜುಲೈನಲ್ಲಿ ಬೀಳಗಿಯ ಆಚೆ ದಂಡೆಯಲ್ಲಿ, ಕೊಲ್ಹಾರ ತಾಲ್ಲೂಕಿನ ಬಳೂತಿ ಬಳಿ ತೆಪ್ಪ ಮಗುಚಿದಾಗಲೂ ಅದೇ. ಪ್ರಶ್ನೆ ತಪ್ಪಲ್ಲ, ಅರ್ಧ ಮಾತ್ರ. ಜಾಕೆಟ್ ಮನುಷ್ಯನನ್ನು ತೇಲಿಸುತ್ತದೆ, ಬೋಟಿಗೆ ವಾಪಸು ತಂದು ಕೂರಿಸುವುದಿಲ್ಲ. ಆ ಕೆಲಸ ಚಾಲಕನದು, ಅದನ್ನು ಅವನಿಗೆ ಹೇಳಿಕೊಟ್ಟವರಿಲ್ಲ.

ಹೇಳಿಕೊಡುವಂಥದ್ದು ಏನಿದೆ ಎಂದು ಕೇಳುವವರಿದ್ದಾರೆ. ಬಹಳ ಇದೆ. ಬಲಬದಿಯಿಂದ ಒಬ್ಬ ಬಿದ್ದ ಎನ್ನಿ. ಚಾಲಕ ಮೊದಲು ಎಂಜಿನ್ನನ್ನು ನ್ಯೂಟ್ರಲ್‌ಗೆ ತರಬೇಕು, ಬೋಟಿನ ಮೂತಿಯನ್ನು ಬಲಕ್ಕೇ ಹೊರಳಿಸಬೇಕು. ಆಗ ಹಿಂಬದಿ ಎಡಕ್ಕೆ ಸರಿದು ಪಂಖ ಬಿದ್ದವನಿಂದ ದೂರವಾಗುತ್ತದೆ. ಗಾಬರಿಯಲ್ಲಿ ಕೈ ಹೋಗುವುದು ಎಡಕ್ಕೆ, ಅವನಿಂದ ತಪ್ಪಿಸಿಕೊಳ್ಳುವ ಕಡೆಗೆ. ಪಂಖ ಅವನ ಮೇಲೆ ಬರುವುದು ಹೀಗೆ. ಅಷ್ಟರಲ್ಲಿ ಇನ್ನೊಬ್ಬ 'ಬಿದ್ದಾನ, ಬಿದ್ದಾನ' ಎಂದು ಕೂಗಿ, ಕೈಗೆ ಸಿಕ್ಕ ತೇಲುವ ವಸ್ತು ಎಸೆದು, ಬಿದ್ದವನ ಕಡೆ ಬೆರಳು ಮಾಡಿ ನಿಲ್ಲಬೇಕು. ಬೋಟು ಎತ್ತ ತಿರುಗಿದರೂ ಕಣ್ಣು ಕೀಳಬಾರದು, ಅವನಿಗೆ ಬೇರೆ ಕೆಲಸವೇ ಇಲ್ಲ. ಅಲೆಯ ನಡುವೆ ಒಂದು ತಲೆ ಒಮ್ಮೆ ಕಣ್ಮರೆಯಾದರೆ ಮತ್ತೆ ಹುಡುಕುವುದು ಕಷ್ಟ. ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ಕೈಬೀಸಿ ಕೂಗುವುದಿಲ್ಲ. ಉಸಿರು ಎಳೆದುಕೊಳ್ಳುವುದೇ ಕಷ್ಟವಾಗಿರುವಾಗ ಕೂಗು ಎಲ್ಲಿಂದ ಬರಬೇಕು? ಸದ್ದಿಲ್ಲದೆ, ಒಂದು ನಿಮಿಷದೊಳಗೆ ಮುಳುಗಿಬಿಡುತ್ತಾರೆ.

ಸೆಳವಿದ್ದರೆ ಸೆಳವಿಗೆ, ಹಿನ್ನೀರಿನಲ್ಲಾದರೆ ಗಾಳಿಗೆ ಎದುರು ಮುಖ ಮಾಡಿ ನಿಧಾನ ಹತ್ತಿರ ಬರಬೇಕು. ಆಗಲೇ ಬೋಟು ಹತೋಟಿಯಲ್ಲಿರುತ್ತದೆ. ಕೈಗಿಂತ ಮೊದಲು ಹಗ್ಗ ಚಾಚಬೇಕು, ಮುಳುಗುವವನು ಹಿಡಿದವರನ್ನು ಬಿಡುವುದಿಲ್ಲ. ನೀರು ಹೀರಿದ ಬಟ್ಟೆಯ ಮನುಷ್ಯನನ್ನು ಮೇಲೆಳೆಯುವುದು ಇಬ್ಬರಿಗೂ ಸುಲಭವಲ್ಲ. ಹಗ್ಗದ ಕುಣಿಕೆಯೊಂದನ್ನು ಕೆಳಗೆ ಬಿಟ್ಟರೆ ಅದೇ ಮೆಟ್ಟಿಲಾಗುತ್ತದೆ. ಮೇಲೆ ಬಂದವನಿಗೆ ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದು ಮೊದಲು. ತಲೆಕೆಳಗೆ ಮಾಡುವ, ಹೊಟ್ಟೆ ಅದುಮಿ ನೀರು ತೆಗೆಯುವ ನಮ್ಮ ರೂಢಿಯಲ್ಲಿ ಉಳಿದಿದ್ದ ಹೊತ್ತೂ ಹಾಳಾಗುತ್ತದೆ.

ಸಮುದ್ರದ ಹಡಗುಗಳಲ್ಲಿ ಇದು ಹೊಸದಲ್ಲ. ಬಿದ್ದವನ ಜಾಗಕ್ಕೆ ಹಡಗು ತನ್ನದೇ ಜಾಡಿನಲ್ಲಿ ಮರಳುವ 'ವಿಲಿಯಮ್ಸನ್ ತಿರುವು' ಎರಡನೇ ಮಹಾಯುದ್ಧದ ಕಾಲದ್ದು. ನೀರಿಗೆ ಬಿದ್ದವರನ್ನು ಮೇಲೆತ್ತುವ ಲಿಖಿತ ಯೋಜನೆ ಪ್ರತಿ ಹಡಗಿನಲ್ಲೂ ಇರಬೇಕೆಂಬ ಅಂತರರಾಷ್ಟ್ರೀಯ ನಿಯಮ 2014ರ ಜುಲೈ 1ರಿಂದ ಜಾರಿಯಲ್ಲಿದೆ. ಡಮ್ಮಿಯನ್ನು ನೀರಿಗೆಸೆದು ಅಭ್ಯಾಸ ಮಾಡುತ್ತಾರೆ. ನಮ್ಮ ಘಾಟಿನಲ್ಲಿ ಗೊಬ್ಬರದ ಚೀಲಕ್ಕೆ ಹುಲ್ಲು ತುಂಬಿ, ಖಾಲಿ ಕ್ಯಾನು ಕಟ್ಟಿ ಎಸೆದರೆ ಅದೇ ಡಮ್ಮಿ.

ಒಳನಾಡಿಗೂ ಕಾನೂನಿದೆ. 1917ರ ಹಳೆಯ ಕಾಯ್ದೆಯ ಬದಲಿಗೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ ಯಾಂತ್ರಿಕ ಬೋಟಿನ ನೋಂದಣಿ, ತಪಾಸಣೆ, ಸಿಬ್ಬಂದಿಯ ಅರ್ಹತೆ, ಜೀವರಕ್ಷಕ ಸಾಧನ ಎಲ್ಲವನ್ನೂ ಹೇಳುತ್ತದೆ. ಎಂಜಿನ್ ಇಲ್ಲದ ತೆಪ್ಪ, ದೋಣಿಗಳ ಹೊಣೆಯನ್ನು ತಾಲ್ಲೂಕು, ಪಂಚಾಯಿತಿ ಮಟ್ಟಕ್ಕೂ ವಹಿಸಬಹುದು ಎನ್ನುತ್ತದೆ. ತೊಡಕು ಬೇರೆಡೆ ಇದೆ. ನಮ್ಮ ಜಲಸಾರಿಗೆ ಇಲಾಖೆ ಹುಟ್ಟಿ ಬೆಳೆದದ್ದು ಕಡಲ ದಂಡೆಯಲ್ಲಿ, ಅದರ ಲಕ್ಷ್ಯವೂ ಬಂದರುಗಳ ಮೇಲೆ. ಕೃಷ್ಣೆಯ ಅಂಬಿಗ ಪ್ರಮಾಣಪತ್ರಕ್ಕಾಗಿ ಕೂಲಿ ಬಿಟ್ಟು ಕಾರವಾರಕ್ಕೆ ಹೋಗುವುದಿಲ್ಲ. ಹೋಗಲಿ ಎನ್ನುವುದೂ ನ್ಯಾಯವಲ್ಲ.

ಕಲಿಸುವವರು ಇಲ್ಲಿಗೇ ಬರಬೇಕು. ತಾಲ್ಲೂಕಿನ ಅಗ್ನಿಶಾಮಕ ಸಿಬ್ಬಂದಿಗೆ ರಕ್ಷಣೆಯ ವಿದ್ಯೆ ಗೊತ್ತು, ಈ ಹೊಳೆಯ ಸುಳಿ, ಮಡು ಗೊತ್ತಿರುವುದು ಅಂಬಿಗನಿಗೆ. 2019ರ ಆಗಸ್ಟ್‌ನಲ್ಲಿ ಗಂಗಾವತಿಯ ವಿರೂಪಾಪುರ ಗಡ್ಡೆಯಲ್ಲಿ ರಕ್ಷಣಾ ತಂಡದ ಬೋಟೇ ತುಂಗಭದ್ರೆಯ ಸೆಳವಿಗೆ ಮಗುಚಿ, ರಕ್ಷಿಸಲು ಹೋದವರನ್ನೇ ರಕ್ಷಿಸಬೇಕಾಯಿತು. ಎಲ್ಲರೂ ಬದುಕಿದರು. ತರಬೇತಿ ಪಡೆದವರನ್ನೂ ಹೊಳೆ ಹೀಗೆ ಕಾಡುವುದಾದರೆ, ಇಬ್ಬರೂ ಒಂದೇ ಬೋಟಿನಲ್ಲಿ ನಿಂತು ಒಬ್ಬರಿಂದೊಬ್ಬರು ಕಲಿಯುವುದು ಲೇಸು.

ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಆಲಮಟ್ಟಿಯ ಮಟ್ಟ 524.256 ಮೀಟರಿಗೆ ಏರಲಿದೆ. ಮುಳುಗಡೆಯ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಎಂದು 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿದೆ. ನೀರು ಅಗಲವಾದಷ್ಟೂ ದಾಟುವ ದಾರಿ ಉದ್ದವಾಗುತ್ತದೆ. ಆ ದೊಡ್ಡ ಲೆಕ್ಕದಲ್ಲಿ ಪ್ರತಿ ಘಾಟಿಗೆ ತೇಲುವ ಬಳೆ, ಎಸೆಯುವ ಹಗ್ಗ, ವರ್ಷಕ್ಕೊಮ್ಮೆ ಬೋಟಿನವರಿಗೆ ಕೂಲಿ ಕೊಟ್ಟು ನಡೆಸುವ ಅಭ್ಯಾಸ ಇವಕ್ಕೆ ಒಂದು ಸಾಲು ಸೇರಿಸುವುದು ಭಾರವಲ್ಲ. ಒಬ್ಬನೇ ಚಾಲಕನಿರುವ ಬೋಟಿಗೆ ಪ್ರಯಾಣಿಕರನ್ನು ಒಯ್ಯಲು ಪರವಾನಗಿ ಇಲ್ಲ ಎಂಬ ಷರತ್ತನ್ನೂ ಅದರ ಜೊತೆಗೇ ಹಾಕಬೇಕು. ಎರಡನೆಯವನ ಕೂಲಿ ಯಾರು ಕೊಡಬೇಕು ಎಂಬ ಜಗಳ ಬಂದೇ ಬರುತ್ತದೆ. ಸೇತುವೆ ಕಟ್ಟಿಕೊಡದ ಸರ್ಕಾರವೇ ಕೊಡಲಿ.